ಪಾತ್ರೆ ಮುನಿಯಕ್ಕ ಆಡಿದ ಮಾತು

ಆಗ ನನಗೆ ನಲವತ್ತಾರು. ಮೂವತ್ತು ವರ್ಷದ ಹಿಂದಿನ ಮಾತು. ಪಾತ್ರೆ ಮುನಿಯಕ್ಕ ಸ್ಟೀಲ್ ಪಾತ್ರೆಯ ಬುಟ್ಟಿ ಹೊತ್ತು ಚಾಮರಾಜಪೇಟೆ, ಮಾವಳ್ಳಿಯಿಂದ ತ್ಯಾಗರಾಜನಗರದವರೆಗೂ ನಡೆಯುತ್ತಿದ್ದಳು. ತಲೆಯ ಮೇಲಿನ ಬುಟ್ಟಿಯನ್ನು ಕೈಯಲ್ಲಿ ಹಿಡಿದದ್ದು ನಾನು ನೋಡಿಲ್ಲ. ಎರಡು ಕೈಯೂ ಅವಳಿಗೆ ಜಗಳಕ್ಕೆ ಬೇಕಾಗಿತ್ತು.

ಹಳೇ ಬಟ್ಟೆ ತೆಗೆದುಕೊಂಡು ಪಾತ್ರೆ ಕೊಡುವ ವ್ಯಾಪಾರ ಅವಳದು. ಸೀರೆಯನ್ನು ಬಿಸಿಲಿಗೆ ಹಿಡಿದು, "ಅಮ್ಮಾ, ಇದು ಸೀರೆನಾ, ಸೊಳ್ಳೆಪರದೆನಾ?" ಅನ್ನುವಳು. ಗಂಡಸರ ಪ್ಯಾಂಟು ತಂದರೆ ಮೊದಲು ಹಿಂದುಗಡೆ ತಿರುಗಿಸಿ ನೋಡುವಳು. "ನಿಮ್ ಸೀರೆ ಅಂಚೂ ಸವೆದಿರ್ತದೆ, ಸೆರಗೂ ಸವೆದಿರ್ತದೆ. ಯಜಮಾನ್ರ ಪ್ಯಾಂಟು ನೋಡಿ, ಕೂತ್ಕೊಳ್ಳೋ ಜಾಗ ಒಂದೇ ಸವೆಯೋದು." ಯಜಮಾನರು ಅಲ್ಲೇ ಪೇಪರ್ ಓದುತ್ತಾ ಕೂತಿರುತ್ತಿದ್ದರು. ಅವಳಿಗೇನು?

ಅವಳ ಗಂಡ ಯಾರ ಜೊತೆಗೋ ಹೋಗಿದ್ದ. ಅದನ್ನೂ ಮುಚ್ಚಿಡುತ್ತಿರಲಿಲ್ಲ. "ಹೋಯ್ತೀನಿ ಅಂದ. ಹೋಗೋವಾಗ ಬಾಗಿಲು ಎಳ್ಕೊಂಡು ಹೋಗು, ನಾಯಿ ಬತ್ತದೆ ಅಂದೆ."

ನನ್ನ ಗಂಡ ಹೋದದ್ದು ಕಾಯಿಲೆಯಲ್ಲಿ. ಚಾಮರಾಜಪೇಟೆಯ ಮನೆ ಬಿಡಬೇಕಾಯಿತು. ಮಲ್ಲೇಶ್ವರದ ಅಣ್ಣ ಬಂದು, "ನಮ್ಮನೇಲೇ ಇದ್ಬಿಡೇ, ಅತ್ತಿಗೆಗೂ ಸಹಾಯ ಆಗತ್ತೆ" ಅಂದ. ಒಂಬತ್ತು ಜನರ ಮನೆ. ಆ ಸಹಾಯ ಅಂದರೆ ಏನೆಂದು ನನಗೆ ಗೊತ್ತಿತ್ತು. ಒಂದು ಸಲ ಒಳಗೆ ಹೋದರೆ ಹೊರಗೆ ಬರುವುದು ನಾಲ್ಕು ಜನರ ಹೆಗಲ ಮೇಲೇ. ಮೂರು ತಿಂಗಳು ಅಲ್ಲಿದ್ದೆ. ಒಂದು ದಿನ ಚಾಮರಾಜಪೇಟೆಗೆ ಹೋದಾಗ ಹಳೇ ಬೀದಿಯಲ್ಲಿ ಮುನಿಯಕ್ಕ ಸಿಕ್ಕಳು. ಹಪ್ಪಳ, ಹುಳಿಪುಡಿ ಮಾಡಿ ಮಾರಿ ಬದುಕಬಲ್ಲೆ, ಒಂದು ರೂಮು ಸಿಕ್ಕರೆ ಸಾಕು ಅಂತ ಅವಳ ಹತ್ತಿರ ಹೇಳಿಕೊಂಡೆ. ಬೀದಿ ಬೀದಿ ತಿರುಗುವವಳು, ಯಾವ ಮನೆ ಖಾಲಿ ಅಂತ ಅವಳಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು?

ಮಾವಳ್ಳಿಯ ಶಾಮಣ್ಣನವರ ಹಿತ್ತಲಿನ ರೂಮಿಗೆ ಕರೆದುಕೊಂಡು ಹೋದಳು. ನಾನು ಶಾಮಣ್ಣನವರ ಜೊತೆ ಮಾತಾಡುತ್ತಿದ್ದೆ. ಅವಳು ಜಗಲಿಯಲ್ಲಿ ಬುಟ್ಟಿ ಇಳಿಸಿ, ಅವರ ಹೆಂಡತಿ ಕಮಲಮ್ಮನಿಗೆ ಎರಡು ಸೀರೆಗೆ ಒಂದು ಚೊಂಬು ಕೊಡುತ್ತಿದ್ದಳು.

"ಜೊತೇಲಿ ಗಂಡಸರು ಯಾರಿದಾರಮ್ಮ?" ಅಂದರು ಶಾಮಣ್ಣ.

"ಯಾರೂ ಇಲ್ಲ."

"ಹಾಗಾದ್ರೆ ಆಗಲ್ಲ. ಗಂಡು ದಿಕ್ಕಿಲ್ಲದೋರಿಗೆ ಮನೆ ಕೊಟ್ಟು, ನಾಳೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ? ಅಣ್ಣ ಇದಾರಲ್ಲ, ಅಲ್ಲೇ ಇರಿ."

ಮುನಿಯಕ್ಕ ಮುಖ ಗಂಭೀರ ಮಾಡಿಕೊಂಡು ತಿರುಗಿದಳು. "ಸ್ವಾಮಿ ಹೇಳೋದು ಸರಿಯೇ. ಗಂಡನಿಲ್ಲದ ಹೆಂಗಸು ಅಂದ್ರೆ ಹಿಡಿಕೆ ಇಲ್ಲದ ಚೊಂಬು."

ಶಾಮಣ್ಣನವರಿಗೆ ಖುಷಿಯೋ ಖುಷಿ. "ನೋಡಿದ್ರಾ? ಒಂದಕ್ಷರ ಬರದೋಳು, ಎಂಥಾ ಮಾತಾಡಿದ್ಲು!" ಅಂತ ತಲೆದೂಗಿದರು. ನನಗೆ ಮೈಯೆಲ್ಲ ಉರಿಯಿತು. ಜೊತೆಗೆ ಕರೆತಂದು ಇವಳೇ ಕೈಕೊಟ್ಟಳಲ್ಲ ಅಂತ ಎದ್ದು ಚಪ್ಪಲಿ ಮೆಟ್ಟಿಕೊಂಡೆ.

ಕಮಲಮ್ಮ ಮಾತ್ರ ಕೈಯಲ್ಲಿದ್ದ ಹೊಸ ಚೊಂಬನ್ನು ಒಂದು ಸುತ್ತು ತಿರುಗಿಸಿದರು. ಇನ್ನೊಂದು ಸುತ್ತು ತಿರುಗಿಸಿದರು. ಆಮೇಲೆ ನಕ್ಕರು ನೋಡಿ, ನಗು ತಡೆಯಲಾಗದೆ ಜಗಲಿಯ ಮೇಲೆ ಕೂತುಬಿಟ್ಟರು.

"ರೀ, ಚೊಂಬಿಗೆ ಹಿಡಿಕೆ ಯಾವತ್ರೀ ಇತ್ತು?"

ಅರವತ್ತು ವರ್ಷ ಚೊಂಬಿನಲ್ಲೇ ನೀರು ಕುಡಿದ ಮನುಷ್ಯ, ಬಾಯಿ ಬಿಟ್ಟುಕೊಂಡು ನಿಂತರು. "ಅಲ್ವೇ, ಆದ್ರೂ ಗಂಡು ದಿಕ್ಕು ಅಂತ..."

"ಈ ಮನೇಲಿ ನೀವಿದೀರಲ್ಲ ದಿಕ್ಕು. ಸಂಪಿನ ಮುಚ್ಚಳ ಮುರಿದು ಎರಡು ವರ್ಷ ಆಯ್ತು. ಬೀಗದ ಕೈ ಕೊಡಿ ಇಲ್ಲಿ."

ಅವತ್ತು ಸಂಜೆಯೇ ನನ್ನ ಟ್ರಂಕು ಆ ರೂಮಿಗೆ ಬಂತು.

ಚೊಂಬಿನ ಮಾತು ಅಲ್ಲಿಗೆ ನಿಲ್ಲಲಿಲ್ಲ. ಕಮಲಮ್ಮ ಭಜನೆ ಮಂಡಳಿಯಲ್ಲಿ ಹೇಳಿದರು. ಭಜನೆಯವರು ಹಾಲಿನ ಬೂತಿನಲ್ಲಿ ಹೇಳಿದರು. ಐದಾರು ವರ್ಷದ ಮೇಲೆ ವಿಶ್ವೇಶ್ವರಪುರಂ ಕಡೆ ಕಾಲೇಜು ಹುಡುಗಿಯರು ಮಹಿಳಾ ದಿನಾಚರಣೆಯ ಮೆರವಣಿಗೆ ಹೊರಟಿದ್ದರು. ನಾನೂ ಮುನಿಯಕ್ಕನೂ ರಸ್ತೆ ಬದಿ ನಿಂತು ನೋಡುತ್ತಿದ್ದೆವು. ಒಬ್ಬಳ ಕೈಯಲ್ಲಿ ರಟ್ಟು, ರಟ್ಟಿನ ಮೇಲೆ ಇದೇ ಮಾತು, ಪಕ್ಕದಲ್ಲಿ ಚೊಂಬಿನ ಚಿತ್ರ. ನಾನು ಒಂದೊಂದೇ ಅಕ್ಷರ ಕೂಡಿಸಿ ಮುನಿಯಕ್ಕನಿಗೆ ಓದಿ ಹೇಳಿದೆ. ಫುಟ್‌ಪಾತಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡಿದ್ದವನೊಬ್ಬ ಅದನ್ನು ಓದಿ, "ಪಾಪ, ನಿಜ" ಅಂತ ಲೊಚಗುಟ್ಟಿದ.

"ಇವನೂ ಮನೆಗೋಗಿ ಚೊಂಬು ನೋಡ್ಕೋಬೇಕು" ಅಂದಳು ಮುನಿಯಕ್ಕ.

ನಾನು ಸುಮ್ಮನಿರಲಾರದೆ ಆ ಹುಡುಗಿಗೆ, ಈ ಮಾತು ಹುಟ್ಟಿದ್ದೇ ಇವಳ ಬಾಯಲ್ಲಿ ಅಂದೆ. ಹುಡುಗಿ ಓಡಿ ಬಂದಳು. "ಅಜ್ಜಿ, ಇದರರ್ಥ ಗಂಡಸರೇ ಬೇಡ ಅಂತಾನಾ?"

"ಬ್ಯಾಡ ಅಂತ ಯಾರಂದ್ರು ಮಗಾ? ಹಿಡಿಕೆ ಇರೋ ಪಾತ್ರೇನೂ ನಾನು ಮಾರ್ತೀನಿ. ಇಷ್ಟ ಇದ್ದೋರು ತಗೊಳ್ಳಿ. ಚೊಂಬು ನೋಡಿ ಅಯ್ಯೋ ಪಾಪ ಅನ್ಬ್ಯಾಡಿ, ಅಷ್ಟೇಯ." ಅಷ್ಟು ಹೇಳಿ, "ನಿಮ್ಮನೇಲಿ ಹಳೇ ಬಟ್ಟೆ ಐತಾ?" ಅಂತ ಕೇಳಿದಳು.

ಆಮೇಲೆ ಅವಳ ಕಾಲಿನ ಮಂಡಿ ಹೋಯಿತು, ವ್ಯಾಪಾರವೂ ಹೋಯಿತು. ಹೊಸಕೋಟೆಯ ಮಗಳ ಮನೆ ಸೇರಿದಳು. ಕೊನೆಯ ಸಲ ನೋಡಲು ಹೋದಾಗ ಮಂಚದಲ್ಲಿದ್ದಳು. ಹದಿನೈದು ದಿನಕ್ಕೆ ತೀರಿಕೊಂಡಳು. ಸುದ್ದಿ ನನಗೆ ತಡವಾಗಿ ಬಂತು, ಮಣ್ಣಿಗೆ ಹೋಗಲಾಗಲಿಲ್ಲ.

ಅವತ್ತು ಮಂಚದಿಂದಲೇ ಕೇಳಿದಳು. "ಅಲ್ಲ ಸಾವಿತ್ರಿ, ಅಷ್ಟೆಲ್ಲ ಬಡಿದಾಡಿ ರೂಮು ಕೊಡ್ಸಿದ್ನಲ್ಲ, ಮಾರ್ನೇ ದಿನ ಬೆಳಿಗ್ಗೆ ಏನ್ಮಾಡ್ದೆ? ಹಾಲುಕ್ಕಿಸಿದ್ಯಾ?"

ಯಾರಿಗೂ ಹೇಳಿರಲಿಲ್ಲ. ಅವಳಿಗೆ ಹೇಳಿದೆ.

"ಇಲ್ಲ ಕಣಕ್ಕ. ಅಣ್ಣನ ಮನೇಲಿ ನಾಲ್ಕೂವರೆಗೆ ಏಳಬೇಕಿತ್ತು. ಅವತ್ತೂ ನಾಲ್ಕೂವರೆಗೇ ಎಚ್ಚರ ಆಯ್ತು. ಎದ್ದು ಕೂತೆ. ಕಾಫಿ ಕೇಳೋರು ಯಾರೂ ಇಲ್ಲ ಅಂತ ನೆನಪಾಯ್ತು. ಮತ್ತೆ ಹೊದ್ಕೊಂಡು ಎಂಟು ಗಂಟೆವರೆಗೂ ಮಲಗಿದೆ."