ನಾರಿನ ಪುಡಿಯ ಹಿಂದೆ ಅರಕಲಗೂಡಿಗೆ

ಚನ್ನರಾಯಪಟ್ಟಣ ಬಿಟ್ಟಾಗ ಇನ್ನೂ ಬಿಸಿಲು ಏರಿರಲಿಲ್ಲ. ಪುಟ್ಟರಾಜುವಿನ ಟೆಂಪೊದ ಮುಂದಿನ ಸೀಟಿನಲ್ಲಿ ನಾನು, ಮಡಿಲಲ್ಲಿ ನೀರಿನ ಬಾಟಲಿ, ಹಿಂದೆ ಟಾರ್ಪಾಲು ಹೊದ್ದ ನಾರಿನ ಪುಡಿ. ನಮ್ಮದು ತೆಂಗಿನ ಸಿಪ್ಪೆ ಬಡಿದು ನಾರು ತೆಗೆದು, ಸಸಿ ಬೆಳೆಸುವ ಚಾಪೆ ಹೊಲಿಯುವ ಸಣ್ಣ ಕಾರ್ಖಾನೆ. ನಾರು ತೆಗೆದ ಮೇಲೆ ಉಳಿಯುವ ಕಂದು ಪುಡಿಯನ್ನು ಪುಟ್ಟರಾಜು ಒಯ್ಯುತ್ತಾನೆ. ಎಲ್ಲಿಗೆ ಎಂದು ಇಷ್ಟು ವರ್ಷ ನಾನು ವಿಚಾರಿಸಿದವಳಲ್ಲ. ಅರಕಲಗೂಡಿನ ಕಡೆ ರೈತರು ತಗೊಳ್ಳುತ್ತಾರೆ ಎಂದಷ್ಟೇ ಗೊತ್ತಿತ್ತು.

ಹೊರಡುವ ಹೊತ್ತಿಗೆ ಹೊಲಿಗೆ ವಿಭಾಗದ ಜಯಮ್ಮ ಗೇಟಿನ ಮುಂದೆ ರಂಗೋಲಿ ಹಾಕುತ್ತಿದ್ದಳು. ತಲೆ ಎತ್ತದೆ ಕೇಳಿದಳು, "ಆರ್ಡರು ಸಿಕ್ತದಾ ಮಂಗಳಕ್ಕ?"

"ಸಿಗುತ್ತೆ ಬಿಡೆ," ಎಂದೆ.

ಚಾಪೆ ಕೊಳ್ಳುವುದು ಬೆಂಗಳೂರಿನ ಒಂದು ಕಂಪನಿ. ಅವರು ಅದನ್ನು ಹೊರದೇಶಕ್ಕೆ ಕಳಿಸುತ್ತಾರೆ. ಅಲ್ಲಿಯ ಗಿರಾಕಿಗಳಿಗೆ ಈಗ ಚಾಪೆಯ ಜೊತೆಗೆ ಅದರ ಜಾತಕವೂ ಬೇಕು: ಕರೆಂಟು ಎಷ್ಟು, ಡೀಸೆಲ್ ಎಷ್ಟು, ನೀರು ಎಷ್ಟು, ಉಳಿದದ್ದು ಎಲ್ಲಿಗೆ ಹೋಯಿತು. ಮುಂದಿನ ವರ್ಷದ ಆರ್ಡರನ್ನು ಅದನ್ನು ನೋಡಿಯೇ ಕೊಡುತ್ತೇವೆ ಎಂದಿದ್ದರು. ಕರೆಂಟಿಗೂ ಡೀಸೆಲ್ಲಿಗೂ ಬಿಲ್ಲಿತ್ತು, ಅವರು ಕಳಿಸಿದ ಫಾರಂನಲ್ಲಿ ಬರೆದೆ. ತ್ಯಾಜ್ಯ ಎಂಬಲ್ಲಿ ‘ಇಲ್ಲ’ ಎಂದು ಬರೆದೆ. ನಮ್ಮ ಕಡೆ ಬೇಕಾದವರು ಕೇಳಿ ಒಯ್ದದ್ದನ್ನು ಯಾರೂ ತ್ಯಾಜ್ಯ ಎನ್ನುವುದಿಲ್ಲ. ಅದಕ್ಕೆ ಕಂಪನಿಯಿಂದ ರಶ್ಮಿ ಎಂಬ ಹುಡುಗಿ ಫೋನ್ ಮಾಡಿದಳು. "ಹಾಗಾದ್ರೆ ಪುಡಿ ಏನಾಗುತ್ತೆ ಮೇಡಂ? ಗುರುವಾರ ಹಾಸನಕ್ಕೆ ಬರ್ತಿದ್ದೀನಿ, ಅಲ್ಲೇ ಹೇಳಿ." ಅವತ್ತಿನಿಂದ ನನಗೆ ನೆಟ್ಟಗೆ ನಿದ್ದೆ ಇಲ್ಲ. ಈ ಆರ್ಡರು ತಪ್ಪಿದರೆ ಹೊಲಿಗೆ ಯಂತ್ರಗಳಿಗೆ ಗೋಣಿ ಹೊದಿಸಿ ಹೆಂಗಸರನ್ನೆಲ್ಲ ಮನೆಗೆ ಕಳಿಸಬೇಕು. ಕಣ್ಣಾರೆ ನೋಡಿಕೊಂಡೇ ಹಾಸನಕ್ಕೆ ಹೋಗೋಣವೆಂದು ಗುರುವಾರ ಬೆಳಗ್ಗೆ ಪುಡಿಯ ಜೊತೆಗೇ ಹೊರಟೆ.

ಹೊಳೆನರಸೀಪುರಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರು. ರಸ್ತೆ ಪರವಾಗಿಲ್ಲ, ಹಂಪುಗಳು ಮಾತ್ರ ಹೇಳದೆ ಕೇಳದೆ ಬರುತ್ತವೆ. ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಇಡ್ಲಿ ವಡೆ ಹೇಳಿದೆವು. ಪುಟ್ಟರಾಜು ಎರಡು ಪ್ಲೇಟು ಮುಗಿಸಿದ. ನನ್ನ ವಡೆ ಸಾಂಬಾರಿನಲ್ಲಿ ನೆನೆದು ಒಡೆದುಹೋಯಿತು, ನಾನು ಮುಟ್ಟಲಿಲ್ಲ. ಅಲ್ಲೇ ಸಿಪ್ಪೆ ಮಂಡಿಗೆ ಹೋಗಿ, ಸಾಯಂಕಾಲಕ್ಕೆ ಒಂದು ಲೋಡು ತೆಗೆದಿಡಿ ಎಂದು ಅವನು ಹೇಳಿ ಬಂದ.

"ಓಗೋವಾಗ ಪುಡಿ, ಬರೋವಾಗ ಸಿಪ್ಪೆ," ಎಂದ ಗಾಡಿ ಹತ್ತುತ್ತ. "ಖಾಲಿ ಗಾಡಿ ಒಡ್ಯಕ್ಕೆ ನಂಗೆ ಮನಸ್ಸೇ ಬರಾಕಿಲ್ಲ ಕಣಕ್ಕ."

ಅದು ಅವನ ಜಿಪುಣತನ ಎಂದೇ ನಾನು ಇಷ್ಟು ದಿನ ತಮಾಷೆ ಮಾಡಿಕೊಂಡು ಬಂದಿದ್ದೆ.

ಅಲ್ಲಿಂದ ಅರಕಲಗೂಡಿನ ರಸ್ತೆ. ಮೋಡ ಕವಿದಿತ್ತು. ಎರಡೂ ಕಡೆ ಶುಂಠಿ ಹೊಲ, ನಡುನಡುವೆ ಹೊಗೆಸೊಪ್ಪು. ಅದುವರೆಗೆ ವಟಗುಟ್ಟುತ್ತಿದ್ದ ಪುಟ್ಟರಾಜು ಒಂದು ನಾಲೆಯ ಸೇತುವೆ ಬಂದಾಗ ಸುಮ್ಮನಾದ, ಗೇರು ಬದಲಿಸಿ ವೇಗ ಹೆಚ್ಚಿಸಿದ. ನಾನು ಆಗ ಅದಕ್ಕೆ ಅರ್ಥ ಹಚ್ಚಲಿಲ್ಲ. ನನ್ನ ತಲೆಯಲ್ಲಿ ರಶ್ಮಿಯ ಪ್ರಶ್ನೆಯೇ ಸುತ್ತುತ್ತಿತ್ತು.

ಅರಕಲಗೂಡು ಇನ್ನೂ ಸ್ವಲ್ಪ ದೂರವಿರುವಾಗಲೇ ಅವನು ಮಣ್ಣಿನ ದಾರಿಗೆ ತಿರುಗಿಸಿದ. ದೇವೀರಮ್ಮ ಎಂಬ ಹಿರಿಯ ಹೆಂಗಸಿನ ಮನೆ, ಕೊಟ್ಟಿಗೆಯಲ್ಲಿ ಸೀಮೆಹಸುಗಳು. ಅವುಗಳ ಕಾಲಡಿಯಲ್ಲಿ ಮೆತ್ತಗೆ ಹಾಸಿದ್ದು ನನ್ನ ಕಾರ್ಖಾನೆಯ ಪುಡಿ! ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬಗ್ಗಿ ಕೈಯಲ್ಲಿ ಎತ್ತಿ ನೋಡಿದೆ.

"ಗಂಜ್ಲಾನೆಲ್ಲ ಈರ್ಕತದೆ ಕಣವ್ವ," ಎಂದರು ದೇವೀರಮ್ಮ. "ದನ ಬೆಚ್ಚಗೆ ಮಲಗ್ತವೆ. ಆಮ್ಯಾಕೆ ಗುಡಿಸಿ ತಿಪ್ಪೆಗಾಕ್ತೀವಿ, ತಿಪ್ಪೆಯಿಂದ ಶುಂಟಿ ವಲಕ್ಕೆ."

ಫೋಟೊ ಮೇಲೆ ಫೋಟೊ ತೆಗೆದೆ. ಅವರು ಸೆರಗು ಸರಿಮಾಡಿಕೊಂಡು ಹಸುವಿನ ಪಕ್ಕ ನಿಂತರು. ಕಾಫಿ ಕೊಟ್ಟರು, ಬೆಲ್ಲದ್ದು. ಬೆಳಗಿನಿಂದ ಗಂಟಲಲ್ಲಿ ಇಳಿದದ್ದು ಅದೊಂದೇ. ಲೋಟ ಕೆಳಗಿಡುತ್ತ ಸುಮ್ಮನೆ ಮಾತಿಗೆ ಕೇಳಿದೆ, "ಮಳೆ ಹಿಡಿದಾಗಲೂ ತಗೋತೀರಾ?"

"ಅಯ್ಯೋ, ನೆಂದ್ ಪುಡಿ ತಗಂಡು ಏನ್ ಮಾಡನ? ಓದ್ವಾರ ತಂದಿದ್ದ, ಬ್ಯಾಡ ಅಂದು ಕಳಿಸ್ದೆ."

ನಾನು ಪುಟ್ಟರಾಜುವಿನ ಮುಖ ನೋಡಿದೆ. ಅವನು ಹಸುವಿನ ಮುಖ ನೋಡಿದ.

ಟೆಂಪೊ ಖಾಲಿಯಾದ ಮೇಲೆ ಬಾಯಿಬಿಟ್ಟ. "ಆ ನಾಲೆ ಏರಿ ಮ್ಯಾಲೆ ಸುರಿದಿವ್ನಿ ಕಣಕ್ಕ. ವಾಪಸ್ ತಂದ್ರೆ ನೀವು ಬೇಜಾರ್ ಮಾಡ್ಕತೀರ, ಕಳಿಸಿದ್ದು ಯಾರಿಗೂ ಬ್ಯಾಡವಾಯ್ತು ಅಂತ."

ನನ್ನ ಮನಸ್ಸು ನೋಯಬಾರದೆಂದು ಮಾಡಿದ ಕೆಲಸ ಅದು. ಬಂದ ದಾರಿಯಲ್ಲೇ ಹಿಂದಿರುಗಿ ನಾಲೆಯ ಹತ್ತಿರ ಇಳಿದೆವು. ಏರಿಯ ಮೇಲೆ ಆಳೆತ್ತರದ ಗುಡ್ಡೆ. ಮಳೆಗೆ ನೆನೆದು, ಅದರಿಂದ ಗಟ್ಟಿ ಚಹಾದ ಬಣ್ಣದ ನೀರು ಒಸರಿ ನಾಲೆಗೆ ಇಳಿಯುತ್ತಿತ್ತು. ಕೆಳಗಡೆ ಯಾರೋ ಎಮ್ಮೆ ಮೈ ತೊಳೆಯುತ್ತಿದ್ದರು. ‘ಇಲ್ಲ’ ಎಂದು ಬರೆದುಕೊಟ್ಟದ್ದು ಇಲ್ಲಿ ಎಲ್ಲರ ಕಣ್ಣಿಗೂ ಬೀಳುವ ಹಾಗೆ ಬಿದ್ದಿತ್ತು. ಅದರದ್ದೂ ಒಂದು ಫೋಟೊ ತೆಗೆದೆ.

ಪುಟ್ಟರಾಜು ಮತ್ತೆ ಗಾಡಿ ತಿರುಗಿಸಿ ನನ್ನನ್ನು ಅರಕಲಗೂಡಿನ ಬಸ್ ನಿಲ್ದಾಣದಲ್ಲಿ ಇಳಿಸಿ, ಮುಖ ಚಿಕ್ಕದು ಮಾಡಿಕೊಂಡು ಹೊಳೆನರಸೀಪುರದ ಕಡೆ ಹೋದ. ಹಾಸನದ ಬಸ್ಸು ಬಂತು. ಆಧಾರ್ ತೋರಿಸಿ ಹೆಂಗಸರ ಸೊನ್ನೆ ಟಿಕೆಟು ತೆಗೆದುಕೊಂಡೆ. ಒಂದು ಗಂಟೆಯ ದಾರಿ ಉದ್ದಕ್ಕೂ ಆ ಗುಡ್ಡೆಯ ಫೋಟೊ ಅಳಿಸಲೋ ಬೇಡವೋ ಎಂದು ಫೋನು ತೆಗೆಯುವುದು, ಇಡುವುದು. ಕಟ್ಟಾಯಕ್ಕೆ ಹೋಗಬೇಕಿದ್ದ ಅಜ್ಜಿಯೊಬ್ಬರು ಪಕ್ಕದಲ್ಲಿದ್ದರು.

"ಯಾಕವ್ವ ಅಂಗೆ ಫೋನೇ ನೋಡ್ತಿದ್ದೀಯ? ಮನೇಲಿ ಯಾರ್ಗಾರ ಉಸಾರಿಲ್ವ?"

"ಎಲ್ಲ ಚೆನ್ನಾಗಿದ್ದಾರೆ ಅಜ್ಜಿ," ಎಂದೆ. ಅವರು ನಂಬಲಿಲ್ಲ, ಚೀಲದಿಂದ ಒಂದು ಬಾಳೆಹಣ್ಣು ತೆಗೆದು ಕೈಗಿಟ್ಟರು.

ಹಾಸನದಲ್ಲಿ ಬಿಸಿಲು ಬಿದ್ದಿತ್ತು. ರಶ್ಮಿ ಕೂತಿದ್ದ ಹೋಟೆಲಿನ ಬಾಗಿಲಲ್ಲಿ ಇನ್ನೊಂದು ನಾರಿನ ಕಾರ್ಖಾನೆಯ ಯಜಮಾನರು ಎದುರಾದರು. ಕೈಯಲ್ಲಿ ಬಣ್ಣದ ಚಿತ್ರಗಳ ದಪ್ಪ ವರದಿ. ಬೆಂಗಳೂರಿನಲ್ಲಿ ಮಾಡಿಸಿದ್ದು ಎಂದರು. ನನ್ನ ಫೋನಿನ ಗಾಜು ಮೂಲೆಯಲ್ಲಿ ಬಿರುಕು ಬಿಟ್ಟಿತ್ತು. ಇವತ್ತಿಗೆ ನನ್ನ ಕಥೆ ಮುಗಿಯಿತು ಎಂದುಕೊಂಡೇ ಒಳಗೆ ಹೋದೆ.

ರಶ್ಮಿಗೆ ಮೊದಲು ಕೊಟ್ಟಿಗೆ ತೋರಿಸಿದೆ. ಆಕೆ ತಲೆದೂಗಿದಳು. ಬೆರಳು ಮುಂದಕ್ಕೆ ಸರಿಸುವುದೋ ನಿಲ್ಲಿಸುವುದೋ? ಸರಿಸಿದೆ. ನಾಲೆಯ ಏರಿ ಬಂತು. ಪುಡಿ ಒಯ್ದು ಸಿಪ್ಪೆ ತರುವ ಗಾಡಿ, ಮಳೆ, ನೆನೆದ ಲೋಡು, ಪುಟ್ಟರಾಜುವಿನ ಸಂಕೋಚ, ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಆಕೆ ಫೋಟೊವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು. "ಬೆಳಗ್ಗೆಯಿಂದ ಬಂದವರೆಲ್ಲ ‘ಇಲ್ಲ’ ಅಂತಲೇ ಬರೆದಿದ್ದಾರೆ ಮೇಡಂ. ಅದನ್ನ ನಾನು ಯಾರಿಗೆ ತೋರಿಸಲಿ? ನಮ್ಮ ಗಿರಾಕಿ ನನ್ನನ್ನ ಕೇಳೋದು ಒಂದೇ, ನೀನು ಹೋಗಿ ನೋಡಿದ್ಯಾ ಅಂತ. ನಿಮ್ಮದು ನಾಲ್ಕು ಊರಲ್ಲಿ ಮುಗಿದುಹೋಗುತ್ತೆ, ಒಂದು ದಿನದಲ್ಲಿ ನೋಡಬಹುದು. ದೊಡ್ಡ ಕಾರ್ಖಾನೆಗಳಲ್ಲಿ ಅದು ಆಗೋದಿಲ್ಲ. ಗಾಡಿ ಹೋಗ್ತಾ ಬರ್ತಾ ಎರಡೂ ಕಡೆ ಲೋಡಲ್ಲೇ ಓಡುತ್ತೆ ಅಂದ್ರಲ್ಲ, ಅಷ್ಟು ಡೀಸೆಲ್ ಉಳಿಯುತ್ತೆ, ಅದನ್ನ ಯಾಕೆ ಬರೆದಿಲ್ಲ?"

"ಅದನ್ನೆಲ್ಲ ಬರೀತಾರಾ?"

ಆಕೆ ನಕ್ಕಳು, ಕೂಡಲೇ ನಿಲ್ಲಿಸಿದಳು. "ನಾಳೆ ಬೆಳಗ್ಗೆ ಕಾರ್ಖಾನೆಗೆ ಬರ್ತೀನಿ, ನಾಲೆ ಹತ್ರಕ್ಕೂ ಹೋಗೋಣ. ಗುಡ್ಡೆ ಇದ್ದ ಹಾಗೇ ಇರಲಿ. ನಾನು ನೋಡಿದ ಮೇಲೆ ತೆಗೆಸಿ, ಮಳೆಗಾಲಕ್ಕೆ ಏನು ಮಾಡ್ತೀರಿ ಅಂತಲೂ ಹೇಳಿ. ಆರ್ಡರ್ ಮಾತು ಆಮೇಲೆ."

ಹೊರಗೆ ಬಂದವಳೇ ಪುಟ್ಟರಾಜುವಿಗೆ ಫೋನ್ ಮಾಡಿದೆ. ತೆಗೆಯಲಿಲ್ಲ. ಚನ್ನರಾಯಪಟ್ಟಣದ ಬಸ್ಸು ಹತ್ತಿ ಶಾಂತಿಗ್ರಾಮ ದಾಟುವವರೆಗೂ ಮಾಡುತ್ತಲೇ ಇದ್ದೆ. ಕೊನೆಗೆ ಸಿಕ್ಕ.

"ಏನೂ ಯೋಚ್ನೆ ಮಾಡ್ಬ್ಯಾಡಿ ಕಣಕ್ಕ," ಎಂದ, ದನಿಯಲ್ಲಿ ಬೆಳಗಿನ ಗೆಲುವು. "ಇಬ್ರು ಆಳು ಕರ್ಕಂಡು ಆ ಪುಡಿನೆಲ್ಲ ಎತ್ತಾಕ್ಬುಟ್ಟೆ. ಏರಿ ತೊಳೆದಂಗದೆ. ಸಿಪ್ಪೆ ಬುಟ್ಟು ಇದನ್ನೇ ತಗಂಡು ಬತ್ತಾ ಇವ್ನಿ."

ನಾಳೆ ರಶ್ಮಿ ಹೋಗಿ ನೋಡಿದರೆ ಅಲ್ಲಿ ಏನೂ ಇಲ್ಲ. ನಾನು ರಾತ್ರೋರಾತ್ರಿ ಮುಚ್ಚಿಹಾಕಿಸಿದೆ ಎಂದಲ್ಲದೆ ಆಕೆ ಇನ್ನೇನು ತಿಳಿಯಬೇಕು? ಆಗಲೇ ಆಕೆಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಆ ಕಡೆಯಿಂದ "ಹೂಂ" ಎಂದಷ್ಟೇ ಬಂತು. ಹೂಂ ಎಂದರೆ ಏನು ಎಂದು ಉಳಿದ ದಾರಿಯೆಲ್ಲ ಯೋಚಿಸಿದೆ.

ಊರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಕಾರ್ಖಾನೆಯ ಮುಂದೆ ಟೆಂಪೊ ನಿಂತಿತ್ತು. ಹೆಂಗಸರು ಯಾರೂ ಮನೆಗೆ ಹೋಗಿರಲಿಲ್ಲ.

"ಇಂದ್ಗಡೆ ಇತ್ಲಲ್ಲಿ ಸುರಿದ್ಬುಡ್ಲಾ ಅಕ್ಕ?" ಎಂದ ಪುಟ್ಟರಾಜು. "ಯಾರ್ಗೂ ಕಾಣಾಕಿಲ್ಲ."

"ಬೇಡ. ಟಾರ್ಪಾಲು ಹಾಸಿ ಇಲ್ಲೇ ಸುರಿ, ಗೇಟಿನ ಮುಂದೆ."

"ನಾಳೀಕೆ ದೊಡ್ಡೋರು ಬತ್ತಾರೆ ಅಂತೀರ. ಬಾಗ್ಲಲ್ಲಿ ಇದಾ?"

"ಅವರು ನೋಡೋಕೆ ಬರ್ತಿರೋದೇ ಇದನ್ನ."

ಅವನು ನನ್ನನ್ನೊಮ್ಮೆ ನೋಡಿ, ಟಾರ್ಪಾಲು ಹಾಸಿ, ಹಿಂಬಾಗಿಲು ಬಿಚ್ಚಿದ. ಹಸಿ ಪುಡಿ ದೊಪ್ಪನೆ ಬಿತ್ತು. ಒಳಗೆ ಬರುವವರು ಅದನ್ನು ಸುತ್ತಿಕೊಂಡೇ ಬರಬೇಕು. ಗುಡ್ಡೆ ನನ್ನ ಎದೆಯವರೆಗೆ ಏರಿ ನಿಂತಿತು. ಜಯಮ್ಮ ಅದನ್ನೂ ಬೆಳಗ್ಗೆ ತಾನು ರಂಗೋಲಿ ಎಳೆದಿದ್ದ ಜಾಗವನ್ನೂ ನೋಡಿದಳು.

"ನಾಳೆ ರಂಗೋಲಿ ಎಲ್ಲಾಕ್ಲಿ ಅಕ್ಕ?"

"ಅದರ ಪಕ್ಕದಲ್ಲೇ ಹಾಕು," ಎಂದೆ.