ಡೋಲಿಯಲ್ಲಿ ಮಲಗಿ ದಾರಿ ಹೇಳಿದ ಬಗಂಬಾಕಿ

ಕಿಗೇಜಿ ಗುಡ್ಡಗಳ ಇಳಿಜಾರು ಎಂಥದ್ದೆಂದರೆ, ಮೇಲಿನ ಹೊಲದಲ್ಲಿ ಅಗೆದ ಆಲೂಗಡ್ಡೆ ಉರುಳಿಕೊಂಡು ಬಂದು ಕೆಳಗಿನ ಮನೆಯ ಮಡಕೆಗೆ ಬೀಳುತ್ತದೆ. ಬರುವಷ್ಟರಲ್ಲಿ ಸಿಪ್ಪೆಯೂ ಸುಲಿದಿರುತ್ತದೆ. ನಂಬದವರು ಅಲ್ಲಿನ ಮೇಕೆಗಳನ್ನು ಕೇಳಲಿ. ಇಂಥ ಕಡೆ ಕಾಯಿಲೆಯವರು ರಸ್ತೆ ಮುಟ್ಟುವುದು ಬೆತ್ತದ ಡೋಲಿಯಲ್ಲಿ. ಕೊಂಬು ಊದಿದರೆ ಮನೆಗೊಬ್ಬ ಗಂಡಸು ಹೊರಲು ಬರಲೇಬೇಕು. ಡೋಲಿಯ ಮುಂದಿನ ಬಲಗಡೆಯ ಗಳ ಮಾತ್ರ ಇಪ್ಪತ್ತೆಂಟು ವರ್ಷ ಬಗಂಬಾಕಿಯ ಹೆಗಲಿನದು. ಒಮ್ಮೆ ದಢೂತಿ ಪಾದ್ರಿಯೊಬ್ಬರನ್ನು ಇಳಿಸಿ ಬಂದಾಗ ಅವನು ಎರಡು ಬೆರಳು ಗಿಡ್ಡವಾಗಿದ್ದನಂತೆ. ಹೆಂಡತಿ ಕೆಂಟಾರೊ ಬಾಗಿಲಿಗೆ ನಿಲ್ಲಿಸಿ ಅಳೆದಿದ್ದಳು.

ಬಿತ್ತನೆಯ ಕಾಲದಲ್ಲಿ ಸೊಂಟ ಹಿಡಿಯುವುದು ಅಲ್ಲಿ ಎಲ್ಲರಿಗೂ ಇದ್ದದ್ದೇ. ಗುದ್ದಲಿ ನೋವು ಅನ್ನುತ್ತಾರೆ. ಕಾದ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಶಾಖ ಕೊಟ್ಟರೆ ನಾಲ್ಕು ದಿನಕ್ಕೆ ಬಿಡುತ್ತದೆ. ಆದರೆ ಆ ವರ್ಷ ಬಗಂಬಾಕಿಯ ನೋವು ಕುಂಡಿಯಿಂದ ಹೊರಟು, ತೊಡೆಯ ಹಿಂದೆ ಇಳಿದು, ಹೆಬ್ಬೆರಳ ತನಕ ಕಾದ ತಂತಿಯ ಹಾಗೆ ಎಳೆಯತೊಡಗಿತು. ಕೆಮ್ಮಿದರೆ ಕಣ್ಣಲ್ಲಿ ಮಿಂಚು. ಅವನು ಅದನ್ನೂ ಗುದ್ದಲಿ ನೋವೆಂದೇ ಹೇಳಿ ಮುಚ್ಚಿಟ್ಟ. ನೋವು ಕಾಲಿಗಿಳಿದವನ ಕೈಯಿಂದ ಗಳ ಕಿತ್ತು ನೀರಿನ ಸೋರೆಬುರುಡೆ ಕೊಡುವುದು ಡೋಲಿ ಸಂಘದ ಪದ್ಧತಿ. ಬುರುಡೆ ಹೊರಲು ಬಗಂಬಾಕಿ ಹುಟ್ಟಿದ್ದನೇ?

ಒಂದು ಬೆಳಿಗ್ಗೆ ಅವನ ಬಲಗಾಲಿನ ಚಪ್ಪಲಿ ಅಂಗಳದಲ್ಲೇ ಉಳಿಯಿತು. ಅದು ಕಳಚಿದ್ದು ತಿಳಿಯದೆ ಅವನು ನಡೆದುಹೋಗುತ್ತಿದ್ದ. ಅದನ್ನು ಕಂಡ ಕೆಂಟಾರೊ ಹೋಗಿ ನರ್ಸ್ ಟುಶಾಬೆಯನ್ನು ಕರೆತಂದಳು. ಟುಶಾಬೆ ಅವನನ್ನು ಬೋರಲು ಮಲಗಿಸಿ ಕುಂಡಿಯ ಮೇಲೆ ಮುಳ್ಳು ಹಿಡಿದಳು.

"ದೊಡ್ಡಪ್ಪ, ಚುಚ್ಚಿದ್ರೆ ಹೇಳು."

"ಮೊದ್ಲು ಚುಚ್ಚಮ್ಮ, ಹೇಳ್ತೀನಿ."

"ಮೂರು ಸಲ ಚುಚ್ಚಾಯ್ತು."

ಬಗಂಬಾಕಿ ಕತ್ತು ತಿರುಗಿಸಿ ಮುಳ್ಳು ನೋಡಿದ.

"ಉಚ್ಚೆ ಹೋಯ್ತಾ?"

"ಅಪ್ಪನ ವಯಸ್ಸಿನೋನ್ನ ಕೇಳೋ ಮಾತಾ ಇದು? ನಿನ್ನೆ ಸಂಜೆಯಿಂದ ಹೋಗಿಲ್ಲ."

"ನೋಡು ದೊಡ್ಡಪ್ಪ. ಬರೀ ಸೊಂಟ ಹಿಡಿದ್ರೆ ಓಡಾಡ್ತಾ ಓಡಾಡ್ತಾ ಬಿಡುತ್ತೆ. ಕಾಲಿಗಿಳಿದ್ರೆ ನರ ಒತ್ತಿದೆ ಅಂತ. ಅದೂ ಎಷ್ಟೋ ಜನಕ್ಕೆ ನಿಧಾನಕ್ಕೆ ಇಳಿಯುತ್ತೆ. ಕೂರೋ ಜಾಗ ಮರಗಟ್ಟಿ, ಉಚ್ಚೆ ಕಟ್ಟಿ, ಕಾಲು ಸೋತ್ರೆ ಮಾತ್ರ ಅದು ಕಾಯೋ ನೋವಲ್ಲ. ಇವತ್ತೇ ಇಳೀಬೇಕು. ನಾಳೆ ಅಂದ್ರೆ ಮತ್ತೆ ನಡೀತೀಯ ಅಂತ ನಾನು ಹೇಳಲಾರೆ."

"ನಡ್ಕೊಂಡೇ ಇಳೀತೀನಿ," ಎಂದು ಎದ್ದ. ಕಾಲು ಒದ್ದೆ ಹಗ್ಗದಂತೆ ಮಡಚಿಕೊಂಡಿತು. ಅಷ್ಟರಲ್ಲಿ ಸಂಘದ ಯಜಮಾನ ಮುಹೈರ್ವೆ ಡೋಲಿ ತಂದಿದ್ದ.

"ನಾನು ಇದನ್ನ ಹೊತ್ತೋನು ಕಣೋ. ಇದ್ರಲ್ಲಿ ಮಲಗೋನಲ್ಲ."

"ಹಾಗಾದ್ರೆ ನೀನು ಹೊತ್ತ ನಮ್ಮವ್ವ ಮಾನ ಕಳ್ಕೊಂಡ್ಳಾ?" ಎಂದ ಮುಹೈರ್ವೆ.

"ಮಲ್ಕೊಳ್ಳಿ, ಯೋಚನೆ ಡೋಲಿಲೇ ಮಾಡಿ," ಎಂದಳು ಕೆಂಟಾರೊ. ಬಗಂಬಾಕಿ ಮಲಗಿದ.

ಅಂದಿನ ಮಂಜು ಎಷ್ಟು ದಪ್ಪವೆಂದರೆ, ಡೋಲಿಯ ಮುಂದಿನಿಬ್ಬರು ಅದನ್ನು ಕೈಯಲ್ಲಿ ಹರಿದು ಹರಿದು ಪಕ್ಕಕ್ಕೆಸೆದು ನಡೆದರಂತೆ. ಬಿದಿರುಮೆಳೆಯ ತಿರುವಿನಲ್ಲಿ ಕಾಲುದಾರಿ ಕಾಣದೆ ಹೊತ್ತ ನಾಲ್ವರೂ ನಿಂತುಬಿಟ್ಟರು. ಡೋಲಿಯೊಳಗಿಂದ ದನಿ ಬಂತು.

"ಮುಹೈರ್ವೆ, ಎಡಕ್ಕೆ. ಹನ್ನೊಂದು ಹೆಜ್ಜೆ ಹಾಕು, ಜಾರೋ ಬಂಡೆ ಸಿಗುತ್ತೆ. ಹಿಂದಿನೋರು ಮಂಡಿ ಬಗ್ಗಿಸ್ರೋ."

ಹನ್ನೊಂದನೆಯ ಹೆಜ್ಜೆಗೆ ಬಂಡೆ ಸಿಕ್ಕಿತು. ಅಲ್ಲಿಂದ ಕೆಳಗಿನವರೆಗೂ ಅವನು ಅಂಗಾತ ಮಲಗಿಯೇ, ಡೋಲಿ ವಾಲುವ ರೀತಿಯಿಂದ ದಾರಿ ಓದಿ ಹೇಳಿದ. ಮೂರು ಗಂಟೆಯ ದಾರಿ ಎರಡರಲ್ಲಿ ಮುಗಿಯಿತು. ಗಾಡಿ ಹತ್ತಿಸಿ ಪಟ್ಟಣದ ಆಸ್ಪತ್ರೆಗೆ ಒಯ್ದರು. ಆ ರಾತ್ರಿಯೇ ಆಪರೇಷನ್ ಆಯಿತು. ಇನ್ನೊಂದು ದಿನ ತಡವಾಗಿದ್ದರೆ ಕಾಲು ಹೋಗುತ್ತಿತ್ತು ಎಂದರು ಡಾಕ್ಟರು.

ಐದು ತಿಂಗಳಿಗೆ ಬಗಂಬಾಕಿ ನಡೆದ. ಬಲಗಾಲು ಕೊಂಚ ಎಳೆಯುತ್ತದೆ, ಅಷ್ಟೇ. ಈಗ ಕೊಂಬು ಊದಿದರೆ ಕೋಲು ಹಿಡಿದು ಎಲ್ಲರಿಗಿಂತ ಮುಂದೆ ನಡೆದು ದಾರಿ ಕೂಗುತ್ತಾನೆ. ಯಜಮಾನ ಮುಹೈರ್ವೆಯೂ ಅವನು ಹೇಳಿದ ಕಡೆಯೇ ಕಾಲಿಡಬೇಕು. ಭಾನುವಾರ ಚರ್ಚಿನ ಮುಂದೆ ಯಾರಾದರೂ ಸೊಂಟ ಹಿಡಿದುಕೊಂಡು ನಿಂತರೆ, ಪಾದ್ರಿಗೂ ಕೇಳುವಂತೆ ವಿಚಾರಿಸುತ್ತಾನೆ:

"ಏನಪ್ಪಾ, ಬೆಳಿಗ್ಗೆ ಉಚ್ಚೆ ಸರಿಯಾಗಿ ಹೋಯ್ತಾ?"

ಯಾರೂ ನಗುವುದಿಲ್ಲ. ಗಂಡಸರು ಟೋಪಿ ತೆಗೆದು ಉತ್ತರ ಹೇಳುತ್ತಾರೆ.