ರಾಜಕ್ಕ ರಂಗಕ್ಕೆ ಬಂದ ದಿನ

ಸಿದ್ಧಕಟ್ಟೆಯ ನಾಟಕ ತಂಡದ ನಾಯಕನಟ ಗಣೇಶಪ್ರಸಾದನಿಗೆ ತನ್ನ ಹೆಸರನ್ನು ಪೇಪರಿನಲ್ಲಿ ನೋಡಿ ನೋಡಿ ರೂಢಿಯಾಗಿತ್ತು. ನಾಟಕದ ಮರುದಿನ ಹಲ್ಲುಜ್ಜುವ ಮೊದಲೇ ಪೇಪರು ಬಿಡಿಸುತ್ತಿದ್ದ. ‘ಮನೋಜ್ಞ ಅಭಿನಯ’ ಎಂಬ ಎರಡು ಶಬ್ದ ಕಂಡರೆ ಮಾತ್ರ ಆವತ್ತು ಅವನು ಪಾಠ ಮಾಡುವ ಶಾಲೆಯಲ್ಲಿ ಮಕ್ಕಳಿಗೆ ಸುಖ. ಇಂಥ ಮನುಷ್ಯನಿಗೆ ಇನ್ನೊಬ್ಬರ ಹೆಸರಿನ ಚಿಂತೆ ಹತ್ತಿತು ಎಂದರೆ ಯಾರಾದರೂ ನಂಬಬೇಕಲ್ಲ! ಆದರೂ ಹತ್ತಿತು, ಅದೂ ನಿದ್ದೆಗೆಡುವಷ್ಟು.

ಆದದ್ದಿಷ್ಟು. ಮೂಡುಬಿದಿರೆಯ ಕಾಲೇಜೊಂದರಲ್ಲಿ, ಅಂತರ್ಜಾಲದ ವಿಶ್ವಕೋಶಕ್ಕೆ ಲೇಖನ ಬರೆಯುವುದು ಹೇಗೆಂದು ಶಿಕ್ಷಕರಿಗೆ ಕಲಿಸುವ ಶಿಬಿರ ನಡೆಯಿತು. ಕನ್ನಡ ಮಾಷ್ಟ್ರಾದ ಗಣೇಶಪ್ರಸಾದನೂ ಹೋದ. ನಿಮ್ಮ ಊರಿನ ಒಬ್ಬ ವ್ಯಕ್ತಿಯ ಬಗ್ಗೆ ಬರೆಯಿರಿ ಎಂದರು. ಅವನಿಗೆ ಮೊದಲು ಹೊಳೆದದ್ದು ಯಾರೆಂದು ಬೇರೆ ಹೇಳಬೇಕೇ? ಆದರೆ ತನ್ನ ಬಗ್ಗೆ ತಾನೇ ಬರೆದುಕೊಳ್ಳುವಂತಿಲ್ಲವಂತೆ. ಛೆ! ಪೆಚ್ಚುಮೋರೆ ಹಾಕಿಕೊಂಡು ಕೂತವನು ಬೇರೆ ಯಾರೂ ತೋಚದೆ ‘ರಾಜಮತಿ, ರಂಗನಿರ್ವಾಹಕಿ’ ಎಂದು ತಲೆಬರಹ ಕೊಟ್ಟ. ಕೊಟ್ಟ ಮೇಲೆ ಕೈ ನಿಲ್ಲಲೇ ಇಲ್ಲ.

ಹೇಗೆ ನಿಂತೀತು? ತಂಡದವರೆಲ್ಲ ರಾಜಕ್ಕ ಎಂದು ಕರೆಯುವ ರಾಜಮತಿಯವರದು ಹೇಳಿ ಮುಗಿಯುವ ಕತೆಯೇ? ಅವರು ಮದುವೆಯಾಗಿ ಸಿದ್ಧಕಟ್ಟೆಗೆ ಬಂದ ವರ್ಷ ಅವರ ಗಂಡ, ಜೀನಸಿನ ಅಂಗಡಿಯ ಸುಕುಮಾರಣ್ಣ, ನಾಟಕದಲ್ಲೊಂದು ಪಾತ್ರ ಮಾಡಿದ್ದರು. ಪರದೆ ಎದ್ದದ್ದೇ ತಡ, ನಾಲಿಗೆ ಒಣಗಿ ಬಾಯಿ ಕಟ್ಟಿಹೋಯಿತು. ಮನೆಯಲ್ಲಿ ಆ ಮಾತುಗಳನ್ನು ಕೇಳಿ ಕೇಳಿ ಬಾಯಿಪಾಠವಾಗಿದ್ದ ಹೊಸ ಮದುಮಗಳು ರಂಗದ ಬದಿಯಲ್ಲಿ ನಿಂತು ಒಂದೊಂದೇ ಮಾತು ಹೇಳಿಕೊಟ್ಟು ಗಂಡನನ್ನು ದಡ ಸೇರಿಸಿದರು. ಸುಕುಮಾರಣ್ಣ ಮತ್ತೆ ರಂಗದ ಕಡೆ ತಲೆ ಹಾಕಿಯೂ ಮಲಗಲಿಲ್ಲ. ರಾಜಕ್ಕ ಮತ್ತೆ ಆ ಬದಿ ಬಿಟ್ಟು ಕದಲಲಿಲ್ಲ.

ಮಾತು ನೆನಪಿಸುವುದು, ಪರದೆ ಎಳೆಯುವುದು, ಮೀಸೆ ಅಂಟಿಸುವುದು, ನಟರ ಜಗಳ ಬಿಡಿಸುವುದು ಎಲ್ಲ ಅವರದೇ. ಸೆರಗಿನ ಅಂಚಿಗೆ ಸಾಲಾಗಿ ಪಿನ್ನು, ಹೆಗಲಿಗೊಂದು ಬಟ್ಟೆಯ ಚೀಲ. ಆ ಚೀಲದಲ್ಲಿ ಏನಿಲ್ಲ ಕೇಳಿ! ಎರಡನೆಯ ಮೀಸೆ, ಎರಡನೆಯ ಕನ್ನಡಕ, ಎರಡನೆಯ ಕರಿಮಣಿ ಕೂಡ. ಒಮ್ಮೆ ಸತ್ತು ಮಲಗಿದ್ದ ಅಪ್ಪನ ಪಾತ್ರಧಾರಿ, ಮಗ ಎದೆ ಬಡಿದುಕೊಂಡು ಅಳುತ್ತಿರುವಾಗ, ಜೋರಾಗಿ ಸೀನಿಬಿಟ್ಟ. ಆ ಸೀನು ಪೂರ್ತಿಯಾಗುವ ಮೊದಲೇ ರಾಜಕ್ಕ ತಗಡಿನ ಹಾಳೆ ಅಲ್ಲಾಡಿಸಿ ಗುಡುಗಿಸಿದರು. ಮರುದಿನದ ಪೇಪರಿನಲ್ಲಿ ‘ಗುಡುಗು ಮೈ ನಡುಗಿಸಿತು. ಧ್ವನಿ, ಬೆಳಕು: ಸಂಕಪ್ಪ’ ಎಂದಿತ್ತು. ಪುಣ್ಯಾತ್ಮ ಸಂಕಪ್ಪ ಆ ಹೊತ್ತಿನಲ್ಲಿ ಹೊರಗೆ ಬೀಡಿ ಸೇದುತ್ತಿದ್ದ.

ಲೇಖನ ವಿಶ್ವಕೋಶದಲ್ಲಿ ಕಾಣಿಸಿದ ದಿನ ರಾಜಕ್ಕ ಗಣೇಶಪ್ರಸಾದನಿಗೆ ಚೆನ್ನಾಗಿ ಬೈದರು.

“ಎಂಥ ಮರ್ಲು ಮಾರಾಯ ನಿಂದು! ನನ್ನ ಬಗ್ಗೆ ಎಂಥ ಬರೀಲಿಕ್ಕುಂಟು?”

ಆದರೆ ಸಂಜೆ ಅಂಗಡಿಯಲ್ಲಿ ಸುಕುಮಾರಣ್ಣ ಗುಟ್ಟು ಬಿಟ್ಟುಕೊಟ್ಟರು. “ಬಸದಿಗೆ ಹೋದಲ್ಲೂ ಮೊಬೈಲು ತೆಗೆದು ತೋರಿಸ್ತಾಳೆ ಮಾಷ್ಟ್ರೇ. ಮೂಡುಬಿದಿರೆಯ ತಂಗಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿ ಆಯ್ತು. ಇಲ್ಲಿ ಕೊತ್ತಂಬರಿ ತೆಗೊಳ್ಳಿಕ್ಕೆ ಬಂದವರನ್ನೂ ಬಿಡ್ಲಿಲ್ಲ.”

ಗಣೇಶಪ್ರಸಾದ ಉಬ್ಬಿಹೋದ. ಆ ಉಬ್ಬು ಇಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ. ಲೇಖನದ ನೆತ್ತಿಯ ಮೇಲೊಂದು ಕೆಂಪು ಪಟ್ಟಿ ಬಂದು ಕೂತಿತು. ಈ ವ್ಯಕ್ತಿ ವಿಶ್ವಕೋಶಕ್ಕೆ ತಕ್ಕವರು ಎನ್ನಲು ಆಧಾರವಿಲ್ಲ, ವಾರದೊಳಗೆ ಪತ್ರಿಕಾ ವರದಿ ತೋರಿಸದಿದ್ದರೆ ಅಳಿಸಲಾಗುವುದು ಎಂದು ‘ನಿಷ್ಪಕ್ಷ’ ಎಂಬ ಹೆಸರಿಟ್ಟುಕೊಂಡ ಯಾವನೋ ಸಂಪಾದಕ ಬರೆದಿದ್ದ. ಗಣೇಶಪ್ರಸಾದ ತಾನು ಕತ್ತರಿಸಿಟ್ಟ ವರದಿಗಳನ್ನೆಲ್ಲ ಹಾಸಿಕೊಂಡು ಹುಡುಕಿದ. ಗಣೇಶಪ್ರಸಾದ, ಗಣೇಶಪ್ರಸಾದ, ಮತ್ತೂ ಗಣೇಶಪ್ರಸಾದ. ರಾಜಮತಿ ಒಂದರಲ್ಲೂ ಇಲ್ಲ. ಜೀವಮಾನದಲ್ಲಿ ಮೊದಲ ಸಲ ತನ್ನ ಹೆಸರು ನೋಡಿ ಅವನಿಗೆ ನಾಚಿಕೆಯಾಯಿತು. ಊರಿಡೀ ಓದಿ ಹೇಳಿಕೊಂಡು ಬಂದವರ ಹೆಸರು ಅಳಿಸಿಹೋದರೆ ನಾಳೆ ಆ ಮುಖವನ್ನು ನೋಡುವುದು ಹೇಗೆ?

ಸಂಕಪ್ಪನ ಹತ್ತಿರ ಗೋಳು ತೋಡಿಕೊಂಡ. ಸಂಕಪ್ಪ ತಲೆ ಕೆರೆದುಕೊಂಡು ಹೇಳಿದ: “ಮಾಷ್ಟ್ರೇ, ನಾಟಕ ಒಳ್ಳೇದಾದ್ರೆ ನಿಮ್ಮ ಹೆಸರು ಬರ್ತದೆ. ಹಾಳಾದ್ರೆ ಅಲ್ವಾ, ನಿರ್ವಹಣೆ ಸರಿ ಇಲ್ಲ ಅಂತ ರಾಜಕ್ಕನ ಹೆಸರು ಬರೂದು? ಈ ಸಲ ಸ್ವಲ್ಪ ಹಾಳು ಮಾಡುವ.”

ಬುದ್ಧಿ ನೆಟ್ಟಗಿದ್ದ ಮನುಷ್ಯ ಇಂಥ ಮಾತಿಗೆ ಒಪ್ಪುತ್ತಾನೆಯೇ? ಗಣೇಶಪ್ರಸಾದ ಹಾರಿ ಒಪ್ಪಿದ.

ಆ ವಾರವೇ ಪುಂಜಾಲಕಟ್ಟೆಯಲ್ಲಿ ಯುವಕ ಮಂಡಲವೊಂದರ ವಾರ್ಷಿಕೋತ್ಸವಕ್ಕೆ ಇವರ ನಾಟಕವಿತ್ತು. ತಂಗಿಯ ಆಸ್ತಿ ನುಂಗಿದ ಅಣ್ಣನ ಕತೆ, ಅಣ್ಣನಾಗಿ ಗಣೇಶಪ್ರಸಾದ. ಕತ್ತಲಾಗುತ್ತಲೇ ಪರದೆಯ ಮುಂದೆ ಗಣ್ಯರ ಭಾಷಣ ಸುರುವಾಯಿತು. ಪರದೆಯ ಹಿಂದೆ ಇವರಿಬ್ಬರೂ ಕಳ್ಳಬೆಕ್ಕುಗಳ ಹಾಗೆ ಓಡಾಡಿ ಪರದೆಯ ಹಗ್ಗ ಸಡಿಲಿಸಿದರು, ಅಣ್ಣನ ಊರುಗೋಲು ಅಡಗಿಸಿದರು, ಮೀಸೆಯ ಗೋಂದು ಹೊರಗೆಸೆದರು. ಆಮೇಲೆ ಕೈ ತೊಳೆದು, ನಗು ತಡೆದುಕೊಂಡು, ತಂಡದವರ ಜೊತೆ ಊಟಕ್ಕೆ ಕೂತರು.

ಒಂದೇ ಒಂದು ಸಂಗತಿ ಇಬ್ಬರಿಗೂ ಮರೆತುಹೋಗಿತ್ತು. ರಾಜಕ್ಕ ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಎಲ್ಲರೂ ಸಾರು ಸುರಿದುಕೊಳ್ಳುವ ಹೊತ್ತಿನಲ್ಲಿ, ಸಂಜೆಯೇ ಉಂಡು ಬಂದ ಅವರು ಒಬ್ಬರೇ ರಂಗದ ಮೇಲೆ ಹಗ್ಗ ಜಗ್ಗಿ, ಕುರ್ಚಿ ಅಲ್ಲಾಡಿಸಿ, ಒಂದೊಂದನ್ನೂ ನೋಡುತ್ತಾರೆ. ಇಷ್ಟು ವರ್ಷ ಜೊತೆಗಿದ್ದೂ ಇದು ನೆನಪಾಗಲಿಲ್ಲವಲ್ಲ ಈ ಮಹಾಶಯರಿಗೆ!

ಪರದೆ ಬೆಣ್ಣೆಯ ಹಾಗೆ ಎದ್ದಿತು. ಊರುಗೋಲು ಕೈಗೆ ಬಂತು, ಎರಡನೆಯದು. ಮೀಸೆಯಂತೂ ಎಳೆದರೂ ಕಿತ್ತುಬರಲಿಲ್ಲ. ನಾಟಕ ಹಿಂದೆಂದೂ ಆಗದಷ್ಟು ಚೆನ್ನಾಗಿ ಆಗುತ್ತಿತ್ತು. ಗಣೇಶಪ್ರಸಾದನ ಎದೆ ಕುಸಿಯಿತು. ಕೊನೆಯ ದೃಶ್ಯ ಬಂತು, ಅಣ್ಣ ಒಬ್ಬನೇ ನಿಂತು ಪಶ್ಚಾತ್ತಾಪಪಡುವ ದೃಶ್ಯ. ಪ್ರತಿ ಸಲವೂ ಅವನಿಗೆ ಚಪ್ಪಾಳೆ ತಂದುಕೊಡುವ ಮಾತು ಇರುವುದು ಅಲ್ಲೇ. ಬಾಯಿ ತೆರೆದ. ಮತ್ತೆ ಮುಚ್ಚಿದ. ಬೇಕೆಂದೇ ಮುಚ್ಚಿದ. ಹಾಳಾಗಲಿ, ನನ್ನ ಮಾನ ಹೋದರೂ ಅವರ ಹೆಸರು ಉಳಿಯಲಿ ಎಂದುಕೊಂಡ.

ಬದಿಯಿಂದ ಮಾತು ಮೆಲ್ಲಗೆ ಬಂತು. ಅವನು ಕಿವಿಗೆ ಕೈ ಹಿಡಿದು “ಆಂ?” ಎಂದ. ಜನ ಕಿಸಕ್ಕೆಂದರು. ಮಾತು ಮತ್ತೆ ಬಂತು, ಸ್ವಲ್ಪ ಗಟ್ಟಿಯಾಗಿ. “ಕೇಳೂದಿಲ್ಲ!” ಎಂದ.

ಆಗ ರಾಜಕ್ಕ ಬಂದೇಬಿಟ್ಟರು. ಚೀಲ, ಪಿನ್ನು, ಕೈಯಲ್ಲಿ ಟಾರ್ಚು ಸಹಿತ ರಂಗದ ನಟ್ಟನಡುವೆ ಬಂದು ನಿಂತು, ಅವನ ಮೂಗಿನ ನೇರಕ್ಕೆ ಬೆರಳು ತೋರಿಸಿ ಗುಡುಗಿದರು. “ತಂಗಿಯ ಅನ್ನ ಕಸಿದದ್ದು ನಾನೇ ಅಂತ ಹೇಳು! ಹೇಳು ಬೇಗ!”

“ಹೌದು, ಕಸಿದದ್ದು ನಾನೇ!” ಎಂದು ಗಣೇಶಪ್ರಸಾದ ನಿಜಕ್ಕೂ ಹೆದರಿ ಮೊಣಕಾಲೂರಿದ. ಮೈದಾನಕ್ಕೆ ಮೈದಾನವೇ ಎದ್ದು ನಿಂತು ಸಿಳ್ಳೆ ಹಾಕಿತು. ರಾಜಕ್ಕ ಕೂಡಲೇ ಒಳಗೆ ಹೋಗಲಿಲ್ಲ. ಒಂದು ಗಳಿಗೆ ಹಾಗೇ ನಿಂತು ಎದುರಿಗೆ ನೋಡಿ, ಆಮೇಲೆ ಹೋದರು.

ಮರುದಿನ ಪೇಪರಿನಲ್ಲಿ ಫೋಟೋ ಸಹಿತ ವರದಿ! ಗಣೇಶಪ್ರಸಾದ ಕುಣಿಯುತ್ತ ಓದತೊಡಗಿದವನು ಅರ್ಧಕ್ಕೇ ನಿಂತ. ‘ನಾಯಕನಟ ಮಂಕಾದರೂ, ಕೊನೆಯಲ್ಲಿ ಬಂದ ನೊಂದ ತಂಗಿಯ ಪಾತ್ರದಲ್ಲಿ ರಾಜಮತಿ ಅವರದು ಮನೋಜ್ಞ ಅಭಿನಯ.’ ಅಯ್ಯೋ ದೇವರೇ! ಆದರೂ ಅದನ್ನೇ ವಿಶ್ವಕೋಶಕ್ಕೆ ಕಳಿಸಿದ. ನಿಷ್ಪಕ್ಷನ ಉತ್ತರ ಸಂಜೆಯೇ ಬಂತು. ವರದಿಯಲ್ಲಿರುವವರು ನಟಿ, ರಂಗನಿರ್ವಹಣೆಯ ಉಲ್ಲೇಖವಿಲ್ಲ, ಪುಟವನ್ನು ಅಳಿಸಲಾಗಿದೆ.

ಮುಂದಿನ ನಾಟಕ ಮೂಡುಬಿದಿರೆಯಲ್ಲಿ. ಮೊದಲ ದೃಶ್ಯ ನಡೆಯುತ್ತಿತ್ತು. ತನ್ನ ಸರದಿಗೆ ಇನ್ನೂ ಹೊತ್ತಿದ್ದ ಗಣೇಶಪ್ರಸಾದ ಬದಿಯಲ್ಲಿ ರಾಜಕ್ಕನ ಪಕ್ಕಕ್ಕೆ ಬಂದು ತಲೆ ತಗ್ಗಿಸಿ ನಿಂತ.

“ಗೊತ್ತುಂಟು, ಅಳಿಸಿದ್ದಾರೆ. ನೋಡಿದೆ,” ಎಂದರು ರಾಜಕ್ಕ ತಗ್ಗಿದ ದನಿಯಲ್ಲಿ.

“ಬೇಸರ ಆಯ್ತಾ ರಾಜಕ್ಕ?”

“ಆಗದೆ ಇರ್ತದಾ? ತಂಗಿ ಎದುರು ಕೂತಿದ್ದಾಳೆ, ಅವಳಿಗೆ ಎಂಥ ಹೇಳೂದು?” ಅವನತ್ತ ತಿರುಗಿದರು. “ಆವತ್ತು ನೀನು ಬೇಕೂಂತಲೇ ಮಾತು ಬಿಟ್ಟದ್ದಲ್ವಾ? ನಿಜವಾಗಿ ಮರೆತ್ರೆ ನಿನ್ನ ಕೈ ಪಂಚೆಯ ತುದಿಗೆ ಹೋಗ್ತದೆ. ಆವತ್ತು ಹೋಗ್ಲಿಲ್ಲ.”

ಗಣೇಶಪ್ರಸಾದ ತಟ್ಟನೆ ತಲೆ ಎತ್ತಿದ. “ಗೊತ್ತಿದ್ದೂ ಮತ್ತೆ ಯಾಕೆ ರಂಗಕ್ಕೆ ಬಂದದ್ದು ನೀವು?”

“ಒಮ್ಮೆ ಹೋಗಿ ನೋಡುವ ಅಂತ ಆಸೆ ಆಯ್ತು ಮಾರಾಯ. ಇಷ್ಟು ವರ್ಷ ಆಯ್ತಲ್ಲ.” ರಾಜಕ್ಕನಿಗೆ ನಗು ಉಕ್ಕಿತು. “ಆದ್ರೆ ಅಲ್ಲಿ ಎಂಥದೂ ಕಾಣೂದಿಲ್ಲ! ಬರೀ ಬೆಳಕು. ಒಬ್ಬರ ಮುಖವನ್ನೂ ನೋಡದೆಯಾ ನೀನು ಇಷ್ಟು ಕಾಲ ಪಾತ್ರ ಮಾಡಿದ್ದು? ಪಾಪ. ಬಾ ಇಲ್ಲಿ.”

ಬದಿಯ ಪರದೆಯನ್ನು ಬೆರಳಷ್ಟು ಸರಿಸಿದರು. ಗಣೇಶಪ್ರಸಾದ ಇಣುಕಿದ. ಬಾಯಿಗೆ ಸೆರಗು ಒತ್ತಿಕೊಂಡು ನಗುವ ಅಜ್ಜಿ. ಅಪ್ಪನ ಹೆಗಲ ಮೇಲೆ ಕೂತು ಬಾಯಿ ತೆರೆದ ಮಗು. ನಗುತ್ತ ನಗುತ್ತ ಪಕ್ಕದವನಿಗೆ ಗುದ್ದುವ ಗಂಡಸು. ಎಷ್ಟು ಮುಖಗಳು! ಇದನ್ನೆಲ್ಲ ಈ ಹೆಂಗಸು ಇಷ್ಟು ವರ್ಷ ಒಬ್ಬಳೇ ನೋಡಿದ್ದಾಳಲ್ಲ ಎಂದು ಅವನಿಗೆ ಹೊಟ್ಟೆಕಿಚ್ಚಾಯಿತು. ಕಣ್ಣೂ ಒದ್ದೆಯಾಯಿತು.

“ಹೋಗು! ನಿಂದೇ ಮಾತು!” ಎಂದು ಬೆನ್ನಿಗೆ ಗುದ್ದು ಬಿತ್ತು.

ಮುಗ್ಗರಿಸಿಕೊಂಡೇ ರಂಗದ ನಡುವೆ ಬಂದು ನಿಂತ. ಬೆಳಕು ಮುಖಕ್ಕೆ ಹೊಡೆಯಿತು. ಎದುರಿಗೆ ಯಾರೂ ಕಾಣಿಸಲಿಲ್ಲ. ಮೊದಲ ಮಾತೇ ಮರೆತುಹೋಗಿತ್ತು, ಈ ಸಲ ನಿಜವಾಗಿಯೂ. ಅವನ ಕೈ ತಾನಾಗಿ ಪಂಚೆಯ ತುದಿಗೆ ಹೋಯಿತು. ಅಷ್ಟರಲ್ಲೇ ಬದಿಯಿಂದ ಮಾತು ಬಂತು, ಮೆಲ್ಲಗೆ, ಅವನೊಬ್ಬನಿಗೆ ಕೇಳಿಸುವಷ್ಟು.